ಬೆಣ್ಣೆ ಹಚ್ಚಿ ಕೊಟ್ಟ ಮಗಳು

ಗೆಟಾಹುನ್ ಎಂಬ ಆ ಮನುಷ್ಯನ ಹೆಸರು ಕೇಳಿದರೆ ಈಗಲೂ ನನಗೆ ಮೈ ಉರಿಯುತ್ತದೆ. ಮಿರಮಿರ ಮಿಂಚುವ ಬೂಟು, ಎದೆಯ ಜೇಬಿನಲ್ಲಿ ಎರಡು ಪೆನ್ನು, ಬಾಯಲ್ಲಿ ಮೂರು ಭಾಷೆ. ಅಡಿಸ್ ಅಬಾಬದಿಂದ ನಮ್ಮ ಅರ್ಸಿಯ ಗುಡ್ಡ ಹತ್ತಿ ಬಂದು, ನನ್ನ ಮನೆಯ ಮಣೆಯ ಮೇಲೆ ಕುಳಿತು, ನಾನು ಕಾಸಿದ ಕಾಫಿಯನ್ನು ಮೂರು ಸುತ್ತು ಕುಡಿದು, ನನಗೇ ಸುಳ್ಳು ಹೇಳಿದ. ಮೂರನೆಯ ಸುತ್ತಿನ ಕಾಫಿ ಹರಸುವ ಕಾಫಿ. ಅದು ಗಂಟಲಲ್ಲಿ ಇಳಿಯುತ್ತಿರುವಾಗಲೇ ಸುಳ್ಳು ಹೇಳುವವನಿಗೆ ಏನೆನ್ನಬೇಕೋ ನನಗೆ ತಿಳಿಯದು.

ಅವನು ಬಂದದ್ದು ನನ್ನ ತಮ್ಮ ಬಧಾಸೊನ ಮಗಳು ಬಿಫ್ತುವಿಗಾಗಿ. ಅವಳನ್ನು ಹೆತ್ತ ಹನ್ನೊಂದನೆಯ ದಿನ ತಾಯಿ ತೀರಿಕೊಂಡಳು. ಅಂದಿನಿಂದ ಸಾಕಿದವಳು ನಾನು. ನನಗೆ ಮಕ್ಕಳಿಲ್ಲ, ಗಂಡ ತೀರಿ ಆಗಲೇ ಆರು ವರ್ಷ. ತಮ್ಮನಿಗೆ ಎದೆಯ ರೋಗ, ನಾಲ್ಕು ಹೆಜ್ಜೆ ನಡೆದರೆ ಏದುಸಿರು. ನನಗೂ ಐವತ್ತು ದಾಟಿತ್ತು. ನಾವಿಬ್ಬರೂ ಕಣ್ಣು ಮುಚ್ಚಿದರೆ ಈ ನಾಲ್ಕು ವರ್ಷದ ಹುಡುಗಿಗೆ ಯಾರು ಗತಿ ಎಂಬ ಚಿಂತೆ ನಮ್ಮ ಮನೆಯಲ್ಲಿತ್ತು. ಗೆಟಾಹುನ್ ಅದರ ವಾಸನೆ ಹಿಡಿದೇ ಬಂದಿದ್ದ.

"ಡೆನ್ಮಾರ್ಕ್ ಅಂತ ಒಂದು ದೇಶ ಇದೆ ತಾಯಿ. ಅಲ್ಲಿಂದ ಒಂದು ಒಳ್ಳೆ ಸಂಸಾರ ಬರುತ್ತೆ. ಮಗೂನ ಸಾಕ್ತಾರೆ, ಓದಿಸ್ತಾರೆ," ಎಂದ.

"ಬರ್ತಾ ಹೋಗ್ತಾ ಇರ್ತಾರಾ?"

"ಎರಡು ವರ್ಷಕ್ಕೊಂದ್ಸಲ ವಿಮಾನ ಹತ್ತಿ ಬರ್ತಾರೆ. ನೀವು ಸಂತೆಗೆ ಹೋಗಿ ಬಂದ ಹಾಗೆ."

ಮಗು ಕೊಡುವುದು ನಮಗೆ ಹೊಸತಲ್ಲ. ನಾವು ಅದನ್ನು ಗುಡ್ಡಿಫಚಾ ಎನ್ನುತ್ತೇವೆ. ನನ್ನ ಗಂಡನೇ ಹಾಗೆ ಬಂದವನು. ಹಿರಿಯರ ಮುಂದೆ ಮಗುವಿನ ತಲೆಗೆ ಬೆಣ್ಣೆ ಹಚ್ಚಿ ಇನ್ನೊಂದು ಮನೆಗೆ ಕೊಡುತ್ತಾರೆ. ಆ ಮನೆಯವರು ಹೆತ್ತ ಮಗುವಿನಂತೆ ಸಾಕುತ್ತಾರೆ, ಹೊಲದಲ್ಲಿ ಪಾಲು ಕೊಡುತ್ತಾರೆ. ಆದರೆ ಹುಟ್ಟಿದ ಮನೆಯ ಬಾಗಿಲು ಮುಚ್ಚುವುದಿಲ್ಲ. ಕೊಟ್ಟವರು, ಪಡೆದವರು ಅಂದಿನಿಂದ ನೆಂಟರು. ನನ್ನ ಗಂಡ ಸತ್ತಾಗ ಹೆತ್ತವಳು, ಸಾಕಿದವಳು ಇಬ್ಬರೂ ಒಂದೇ ಚಾಪೆಯ ಮೇಲೆ ಕುಳಿತು ಅತ್ತರು. ನನ್ನ ತಲೆಯಲ್ಲಿದ್ದದ್ದು ಆ ಚಾಪೆ.

"ಹಾಗಾದ್ರೆ ಅತ್ತಿ ಮರದ ಕೆಳಗೆ ಹಿರಿಯರ ಮುಂದೆ ಆಗ್ಲಿ. ಬೆಣ್ಣೆ ಹಚ್ಚದೆ ನಾನು ಮಗು ಕೊಡೋಳಲ್ಲ," ಎಂದೆ.

"ಆಗ್ಲಿ ಬಿಡಿ ತಾಯಿ. ಬೆಣ್ಣೆಗೇನು ಬರ," ಎಂದು ನಕ್ಕ.

ಮಳೆಗಾಲ ಮುಗಿದ ಮೇಲೆ ಅವರು ಬಂದರು. ಹೆಂಗಸು ಹೆಲ್ಲೆ, ಬಿಸಿಲಿಗೆ ಮೂಗಿನ ಚರ್ಮ ಸುಲಿದಿತ್ತು. ಗಂಡ ಟೋರ್ಬೆನ್, ನಮ್ಮ ಬಾಗಿಲಿಗೆ ಎರಡು ಸಲ ತಲೆ ಹೊಡೆಸಿಕೊಂಡ. ಜೊತೆಗೆ ಅವರ ಒಂಬತ್ತು ವರ್ಷದ ಮಗಳು ಸಿಗ್ನೆ. ಅವಳೂ ಬಿಫ್ತುವೂ ಒಬ್ಬರ ಮಾತು ಒಬ್ಬರಿಗೆ ತಿಳಿಯದೆಯೇ ನನ್ನ ಕರುವನ್ನು ಜವೆಗೋಧಿ ಹೊಲದ ತುಂಬ ಓಡಾಡಿಸಿದರು.

ಅತ್ತಿ ಮರದ ಕೆಳಗೆ ಊರ ಹಿರಿಯ ವಾಕೊ ಅಜ್ಜ ಹಸಿ ಹುಲ್ಲು ಹಿಡಿದು ನಿಂತು ಕೇಳಿದ, "ಈ ಮಗೂನ ನಿಮ್ಮ ಹೊಟ್ಟೇಲಿ ಹುಟ್ಟಿದ ಹಾಗೆ ನೋಡ್ಕೋತೀರಾ? ಹುಟ್ಟಿದ ಮನೆ ದಾರಿ ಮರೆಸದೆ ಇರ್ತೀರಾ?"

ಗೆಟಾಹುನ್ ಅವರ ಕಿವಿಯಲ್ಲಿ ಇಂಗ್ಲಿಷಿನಲ್ಲಿ ಏನೋ ಹೇಳಿದ. ಗಂಡ ಹೆಂಡತಿ ಇಬ್ಬರೂ ಎದೆಯ ಮೇಲೆ ಕೈಯಿಟ್ಟು ತಲೆಯಾಡಿಸಿದರು. ನಾನು ಮೊದಲು ಬಿಫ್ತುವಿನ ತಲೆಗೆ, ಆಮೇಲೆ ಹೆಲ್ಲೆಯ ತಲೆಗೆ ಬೆಣ್ಣೆ ಹಚ್ಚಿದೆ. ಅದು ಕರಗಿ ಕತ್ತಿಗಿಳಿದು ಅವಳ ನೀಲಿ ಅಂಗಿಯನ್ನು ಹಾಳು ಮಾಡಿತು. ಅವಳು ಒರೆಸಿಕೊಳ್ಳಲಿಲ್ಲ. ಅದು ನನಗೆ ಬಹಳ ಹಿಡಿಸಿತು. "ಇವತ್ತಿಂದ ನೀನು ನನ್ನ ತಂಗಿ," ಎಂದೆ. ಅವಳು ಅತ್ತಳು, ನಾನೂ ಅತ್ತೆ. ಗೆಟಾಹುನ್ ಮಾತ್ರ ಗಡಿಯಾರ ನೋಡಿಕೊಂಡ.

ಎರಡು ತಿಂಗಳ ಮೇಲೆ ಅಡಿಸ್ ಅಬಾಬದಲ್ಲಿ ಕೋರ್ಟು. ಅದಕ್ಕೆಂದು ಅವರು ಮತ್ತೆ ಅಷ್ಟು ದೂರದಿಂದ ಬಂದಿದ್ದರು. ನಾವು ಬಿಫ್ತುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಸ್ಸಿನಲ್ಲಿ ಹೋದೆವು. ಜಗಲಿಯಲ್ಲಿ ಗೆಟಾಹುನ್ ನನ್ನ ತಮ್ಮನಿಗೆ ಪಾಠ ಮಾಡಿದ: "ಜಡ್ಜ್ ಏನೇ ಕೇಳಲಿ, ಹೌದು ಅನ್ನು. ಬೇರೆ ಮಾತು ಬೇಡ."

ಜಡ್ಜ್ ನನ್ನ ವಯಸ್ಸಿನ ಹೆಂಗಸು. ಅವರ ಮಾತನ್ನು ನಮ್ಮ ಭಾಷೆಗೆ ಹೇಳಲು ಕೋರ್ಟಿನ ಕಡೆಯಿಂದಲೇ ಹಿರ್ಪ ಎಂಬ ನರೆತ ತಲೆಯವನಿದ್ದ. ಅವನು ಕೇಳಿದ, "ಬಧಾಸೊ, ಇವತ್ತಿನ ಮೇಲೆ ಈ ಮಗೂಗೂ ನಿಂಗೂ ಕಾನೂನಲ್ಲಿ ಯಾವ ಸಂಬಂಧಾನೂ ಇರಲ್ಲ. ವಾಪಸ್ ಕೊಡಿ ಅನ್ನೋ ಹಾಗಿಲ್ಲ, ಕರ್ಕೊಂಡು ಬಂದು ತೋರ್ಸಿ ಅನ್ನೋ ಹಾಗಿಲ್ಲ. ಗೊತ್ತಾ?"

"ಹೌದು," ಎಂದ ನನ್ನ ತಮ್ಮ, ಕೋಲೆ ಬಸವನ ಹಾಗೆ ತಲೆಯಾಡಿಸುತ್ತಾ.

ನಾನು ಹಿಂದಿನ ಬೆಂಚಿನಿಂದ ಎದ್ದೆ. "ಏನಂದ್ರಿ? ಇನ್ನೊಂದ್ಸಲ ಹೇಳಿ."

"ಯಾರಮ್ಮ ನೀವು?" ಎಂದರು ಜಡ್ಜ್.

"ಮಗೂಗೆ ಅತ್ತೆ. ಹನ್ನೊಂದನೇ ದಿನದಿಂದ ಸಾಕಿದೋಳು."

ಅವರು ಹಾಳೆ ತಿರುವಿದರು. "ತಾಯಿ ಇಲ್ಲ, ತಂದೆಗೆ ರೋಗ, ಬೇರೆ ಸಂಬಂಧಿಕರು ಯಾರೂ ಇಲ್ಲ ಅಂತ ಬರ್ದಿದೆ ಇಲ್ಲಿ."

ಯಾರೂ ಇಲ್ಲ. ಅವಳಿಗೆ ಹಲ್ಲು ಬರುವಾಗ ಕಚ್ಚಿದ ಗುರುತು ನನ್ನ ಹೆಬ್ಬೆರಳ ಮೇಲೆ ಇನ್ನೂ ಇದೆ, ಕಾಗದದಲ್ಲಿ ಯಾರೂ ಇಲ್ಲ. ಕೆಳಗೆ ನನ್ನ ತಮ್ಮನ ಹೆಬ್ಬೆಟ್ಟಿನ ಗುರುತು. ಓದು ಬಾರದವನ ಕೈಯಲ್ಲಿ ಒಡಹುಟ್ಟಿದವಳನ್ನೇ ಅಳಿಸಿ ಹಾಕಿಸಿದ್ದರು. ಜಡ್ಜ್ ಕನ್ನಡಕ ತೆಗೆದು, ಅರ್ಧ ಗಂಟೆ ಬಿಟ್ಟು ಮತ್ತೆ ಕೂಡೋಣ ಎಂದರು.

ಹೊರಗೆ ಹೆಲ್ಲೆ ಹಿರ್ಪನ ತೋಳು ಹಿಡಿದು, ಏನಾಯಿತೆಂದು ಕೇಳಿದಳು. ಅವನು ನನ್ನಿಂದ ಕೇಳಿ ತಿಳಿದುಕೊಂಡು, ಗುಡ್ಡಿಫಚಾ ಎಂದರೇನು, ಅಂದು ಅವರು ತಲೆಯಾಡಿಸಿದ್ದು ಯಾವ ಮಾತಿಗೆ, ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳಿದ. ಅವಳಂದದ್ದನ್ನು ಅವನು ನನಗೆ ಹೇಳಿದ: "ಊರೋರು ಬೀಳ್ಕೊಡುವಾಗ ಹೀಗೆ ಹರಸ್ತಾರೆ ಅಂತ ಗೆಟಾಹುನ್ ಇವರಿಗೆ ಹೇಳಿದ್ರಂತೆ. ನೀವು ಮಗು ನೋಡ್ಕೊಳ್ಳೋ ಕೂಲಿಯೋಳು ಅಂದಿದ್ರಂತೆ."

ನಾನು ಗೆಟಾಹುನ್‌ನ ಕತ್ತಿನ ಪಟ್ಟಿ ಹಿಡಿದೆ. ಎರಡೂ ಪೆನ್ನು ಕೆಳಗೆ ಬಿದ್ದವು. "ಕೂಲಿ ಕೊಟ್ಯಾ ನೀನು? ಎಷ್ಟು ಕೊಟ್ಟೆ, ಹೇಳು ಎಲ್ಲರ ಮುಂದೆ."

ಆ ಕಳ್ಳ ಬಿಡಿಸಿಕೊಳ್ಳಲೂ ಹೋಗಲಿಲ್ಲ. ತಣ್ಣಗೆ ಅಂದ, "ಬೆಣ್ಣೆ ಹಚ್ಚಬೇಕು ಅಂತ ಹಟ ಹಿಡಿದೋರು ನೀವೇ ಅಲ್ವಾ ತಾಯಿ? ಹಿರಿಯರ ಮುಂದೆ ಕೊಟ್ಟ ಮಗೂನ ವಾಪಸ್ ಕಿತ್ಕೊಂಡ್ರೆ ಒಳ್ಳೇದಾಗುತ್ತಾ?"

ನನ್ನ ಕೈ ಸಡಿಲವಾಯಿತು. ಅವನು ಸುಳ್ಳ, ಆದರೆ ಆ ಮಾತು ಸುಳ್ಳಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಾನೇ ಕಟ್ಟಿದ ಹಗ್ಗ, ಅವರ ಕಾಲಿಗೆಂದು ಕಟ್ಟಿದ್ದು ನನ್ನ ಕಾಲಿಗೇ ಬಿಗಿದಿತ್ತು. ತಮ್ಮನೂ ಏದುಸಿರಲ್ಲಿ ಅದನ್ನೇ ಹೇಳಿದ, "ಕೊಟ್ಟಾಯ್ತಲ್ಲ ಅಕ್ಕ. ನಾನು ಎಷ್ಟು ದಿನ ಇರ್ತೀನಿ? ಹೋಗ್ಲಿ ಬಿಡು, ಓದ್ಲಿ."

ನಾನು ಹೆಲ್ಲೆಯ ಎದುರು ನಿಂತೆ. "ಗೊತ್ತಿಲ್ಲದೆ ಆಣೆ ಇಟ್ಟೆ, ಸರಿ. ಈಗ ಗೊತ್ತಾಯ್ತಲ್ಲ. ಈಗ ಹೇಳು. ಇವಳನ್ನ ನನ್ನ ಬಾಗಿಲಿಗೆ ಕರ್ಕೊಂಡು ಬರ್ತೀಯಾ?"

ಟೋರ್ಬೆನ್ ನೆಲ ನೋಡುತ್ತಾ ಹೇಳಿದ, "ಹೂಂ ಅನ್ನೋದು ಸುಲಭ. ಎರಡು ವರ್ಷಕ್ಕೊಂದ್ಸಲ ಅಂತ ನಾನು ಮಾತು ಕೊಡಲಾರೆ. ಸುಳ್ಳು ಹೇಳೋಕೆ ಇಷ್ಟ ಇಲ್ಲ." ಅಂದು ಕೇಳಿದ ಮೊದಲ ನೇರ ಮಾತು ಅದು. ಕೇಳಿ ಇನ್ನೂ ಸಿಟ್ಟು ಬಂತು.

ಹೆಲ್ಲೆ ಗಂಡನತ್ತ ನೋಡಲಿಲ್ಲ. ಬಗ್ಗಿ ಬಿಫ್ತುವಿನ ಬಿಚ್ಚಿದ ಬೂಟಿನ ದಾರ ಕಟ್ಟಿದಳು. ಆಮೇಲೆ ನನ್ನ ಎರಡೂ ಕೈ ಹಿಡಿದು, "ಬರ್ತೀನಿ," ಎಂದಳು. ಹಿರ್ಪ ಅದನ್ನು ಎರಡು ಸಲ ಹೇಳಿದ.

ಮತ್ತೆ ಒಳಗೆ ಕುಳಿತಾಗ ನಾನು ಜಡ್ಜ್‌ಗೆ ಹೇಳಿದೆ, "ಇವಳು ಬರ್ತೀನಿ ಅಂದಿದಾಳೆ. ಮಗೂನ ಕೊಡ್ತೀನಿ. ಆ ಕಾಗದದಲ್ಲಿ ನನ್ನ ಹೆಸರು ಬರೀರಿ. ಮಗೂಗೆ ಅತ್ತೆ ಇದಾಳೆ ಅಂತ."

ಜಡ್ಜ್ ನಿಧಾನವಾಗಿ ಹೇಳಿದರು, ಹಿರ್ಪ ಅದಕ್ಕಿಂತ ನಿಧಾನವಾಗಿ ಹೇಳಿದ, "ಯಾರೂ ಇಲ್ಲ ಅಂತಾನೇ ಈ ಕೇಸ್ ನಿಂತಿರೋದು ಅಕ್ಕ. ನಿಮ್ಮ ಹೆಸರು ಬರೆದ ಕೂಡ್ಲೇ ಇದು ಬಿದ್ದು ಹೋಗುತ್ತೆ. ಮಗು ಹೋಗೋ ಹಾಗಿಲ್ಲ. ಬರೀದಿದ್ರೆ ಹೋಗುತ್ತೆ, ಆದ್ರೆ ಕಾಗದದಲ್ಲಿ ನೀವು ಇರಲ್ಲ."

ಎಲ್ಲರೂ ನನ್ನನ್ನೇ ನೋಡಿದರು. ಸುಮ್ಮನೆ ಕುಳಿತುಬಿಟ್ಟರೆ ಆಗುತ್ತಿತ್ತು. ಹುಡುಗಿಗೆ ಹಾಲು, ಶಾಲೆ, ಬೆಚ್ಚನೆಯ ಹಾಸಿಗೆ. ಇಪ್ಪತ್ತು ವರ್ಷದ ಮೇಲೆ ಎಂದಾದರೂ ಅವಳು ಆ ಹಾಳೆ ತೆರೆದು ಓದುತ್ತಾಳೆ: ನಿನಗೆ ಯಾರೂ ಇರಲಿಲ್ಲ. ಹೆಲ್ಲೆ ತನಗೆ ಗೊತ್ತಿದ್ದನ್ನು ಹೇಳಿದರೂ, ಕೋರ್ಟಿನ ಮೊಹರಿನ ಮುಂದೆ ಬಾಯಿಮಾತನ್ನು ಯಾರು ನಂಬುತ್ತಾರೆ?

"ಬರೀರಿ," ಎಂದೆ. "ಶಗ್ಗಿತು. ಅತ್ತೆ."

ಅವರು ಬರೆದರು. ಕಡತ ಮುಚ್ಚಿದರು. ಹೆಲ್ಲೆ ಸಾವಿನ ಮನೆಯಲ್ಲಿ ಅಳುವ ಹಾಗೆ ಅತ್ತಳು. ಆ ಅಳುವಿಗೆ ಕಾರಣ ನಾನೇ, ಇಲ್ಲ ಎನ್ನುವುದಿಲ್ಲ. ಊರಿಗೆ ಮರಳುವ ಬಸ್ಸಿನಲ್ಲಿ, ಸಿಗ್ನೆ ಕೊಟ್ಟಿದ್ದ ಕೆಂಪು ಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡು ಬಿಫ್ತು, "ನೀನು ಕೆಟ್ಟೋಳು ಅತ್ತೆ," ಎಂದಳು. ಮೂರು ದಿನ ನನ್ನ ಕೈಯಿಂದ ತುತ್ತು ತಿನ್ನಲಿಲ್ಲ.

ಆಣೆ ಮುರಿದವಳು ದಂಡ ತೆರಬೇಕು. ನಾನೇ ಕಡಸನ್ನು ಹಿಡಿದುಕೊಂಡು ವಾಕೊ ಅಜ್ಜನ ಬಳಿಗೆ ಹೋದೆ. ಅಜ್ಜ ಕಡಸನ್ನೂ ನನ್ನನ್ನೂ ನೋಡಿ ಗದರಿದ, "ಇದನ್ನ ಯಾಕೆ ಎಳ್ಕೊಂಡು ಬಂದೆ? ಏನು ಮುರಿದಿದ್ದೀಯ ನೀನು? ಕೋರ್ಟು ಏನಂದ್ರೆ ನಮಗೇನು. ಅತ್ತಿ ಮರದ ಕೆಳಗೆ ಕೊಟ್ಟದ್ದು ಕೊಟ್ಟಾಯ್ತು. ಮಗು ಆ ಹೆಣ್ಣಿಂದು. ಅವಳು ಬರೋ ತನಕ ನೀನು ಸಾಕು, ಅಷ್ಟೇ."

ಹಾಗಾಗಿ ನಾನು ಹೆಲ್ಲೆಯ ಮಗಳನ್ನು ಸಾಕುತ್ತಿದ್ದೇನೆ. ಬಧಾಸೊ ಈ ವರ್ಷ ಹೋದ. ಬಿಫ್ತು ಗುಡ್ಡದಾಚೆಯ ಶಾಲೆಗೆ ಸೇರಿದ್ದಾಳೆ. ಮೇಷ್ಟ್ರು ತಾಯಿಯ ಹೆಸರು ಕೇಳಿದಾಗ "ಹೆಲ್ಲೆ" ಎಂದಳಂತೆ, ಎಲ್ಲರೂ ನಕ್ಕರಂತೆ. ಮರುದಿನ ನಾನೇ ಹೋಗಿ ಅವರ ಮೇಜಿನ ಮುಂದೆ ನಿಂತೆ. "ನಗೋದೇನಿದೆ? ಬರೀರಿ. ಹೆತ್ತ ತಾಯಿ ಇಲ್ಲ. ತಾಯಿ ಹೆಲ್ಲೆ. ಅತ್ತೆ ಶಗ್ಗಿತು."

ಗೆಟಾಹುನ್ ಹೆಸರಿಗೆ ಮೈ ಉರಿದರೂ, ಸಿಟ್ಟು ಈಗ ಅವನ ಮೇಲೆ ಅಷ್ಟಿಲ್ಲ. ಕಳ್ಳನಿಂದ ಕಳ್ಳತನವಲ್ಲದೆ ಇನ್ನೇನು ಸಿಕ್ಕೀತು. ನನ್ನ ಸಿಟ್ಟೆಲ್ಲ ಹೆಲ್ಲೆಯ ಮೇಲೆ. ನನ್ನ ಕೈ ಹಿಡಿದು, ತಿಳಿದೂ ತಿಳಿದು "ಬರ್ತೀನಿ" ಎಂದವಳು ಅವಳು. ಕಾಗದ ಸಿಗದಿದ್ದರೆ ಮಗಳು ಮಗಳಲ್ಲದೆ ಹೋದಳೇ? ಮಳೆಗಾಲ ಮುಗಿಯುತ್ತಲೇ ಅವಳ ತಲೆಗೆಂದು ಒಂದು ಬೋಗುಣಿ ಹೊಸ ಬೆಣ್ಣೆ ತೆಗೆದಿಡುತ್ತೇನೆ. ಮಗು ರಸ್ತೆಯ ತಿರುವಿನವರೆಗೆ ಹೋಗಿ ನಿಂತು ಬರುತ್ತದೆ. ಬೆಣ್ಣೆ ಕಮಟು ಹಿಡಿದ ಮೇಲೆ ಚೆಲ್ಲುತ್ತೇನೆ. ಎರಡು ವರ್ಷ ತುಂಬಿತು. ಎಂಥ ತಾಯಿ ಇವಳು, ಮಗಳನ್ನು ನೋಡಲು ಬರಬಾರದೇ?