ಬಿಸಿನೀರಿಗೆ ಹಾಕಿದ ಕ್ಲಿಪ್ಪು

ಕಾರ್ತಿಕ ಮಾಸದ ಎರಡನೆಯ ಗುರುವಾರ ಸಂಜೆ ಮೊಮ್ಮಗಳು ಕಾತ್ಯಾಯಿನಿಯನ್ನು ಕರೆದುಕೊಂಡು ಹಲ್ಲಿನ ಡಾಕ್ಟರು ಜಯದೇವಪ್ಪನವರ ಕ್ಲಿನಿಕ್ಕಿಗೆ ಹೋದೆ. ಬಾಗಿಲಿಗೆ ಬೀಗ ಬಿದ್ದಿತ್ತು. ನಮ್ಮನ್ನು ಕಂಡು ಪಕ್ಕದ ಔಷಧಿ ಅಂಗಡಿಯ ಕೊಟ್ರಪ್ಪ ಹೊರಗೆ ಬಂದ.

"ಟೀಚರಮ್ಮ, ನಿಮಗೆ ಯಾರೂ ಹೇಳ್ಲಿಲ್ವಾ? ಡಾಕ್ಟರು ಹೋಗ್ಬಿಟ್ರು."

"ಊರಿಗಾ?" ಎಂದಳು ಮಗು.

ಕೊಟ್ರಪ್ಪ ಅವಳ ಮುಖ ನೋಡಿ ನನ್ನ ಕಡೆಗೆ ತಿರುಗಿದ. "ಬೆಳಿಗ್ಗೆ ಸ್ನಾನಕ್ಕೆ ಅಂತ ಎದ್ದೋರು ಅಲ್ಲೇ ಕುಸಿದ್ರಂತೆ. ಆಸ್ಪತ್ರೆಗೆ ಹೋಗೋ ತಂಕ ಇರ್ಲಿಲ್ಲ."

ನಾನು ಅವನ ಅಂಗಡಿಯ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಆ ದಿನ ನಾನು ಹೋಗಿದ್ದುದು ಮಗುವಿನ ಹಲ್ಲು ತೋರಿಸುವುದಕ್ಕೆ ಮಾತ್ರವಲ್ಲ. ಅವರಿಗೆ ಒಂದು ಸುಳ್ಳು ಹೇಳಿ ನಾಲ್ಕು ತಿಂಗಳಾಗಿತ್ತು. ಅದನ್ನು ಒಪ್ಪಿಕೊಳ್ಳಬೇಕೆಂದು ಬೆಳಿಗ್ಗೆ ರಾಗಿಗುಡ್ಡದಲ್ಲಿ ಹನುಮಂತನ ಎದುರು ನಿಂತು ಮನಸ್ಸು ಗಟ್ಟಿಮಾಡಿಕೊಂಡು ಬಂದಿದ್ದೆ.

ಕಾತ್ಯಾಯಿನಿಗೆ ಆಗ ಏಳು ವರ್ಷ. ಹಾಲುಹಲ್ಲು ಬಿದ್ದು ಹೊಸದಾಗಿ ಬಂದ ಮೇಲಿನ ಎರಡು ಹಲ್ಲು, ಬಾಯಿ ಮುಚ್ಚಿದಾಗ ಕೆಳಗಿನ ಹಲ್ಲುಗಳ ಹಿಂದಕ್ಕೆ ಹೋಗಿ ಕೂರುತ್ತಿದ್ದವು. ಅವಳ ತಾಯಿ ಟೆಲಿಫೋನ್ ಕಚೇರಿಯ ಕೆಲಸಕ್ಕೆ ಹೋಗುವವಳು. ಆದ್ದರಿಂದ ತೋರಿಸುವ ಹೊಣೆ ನನ್ನದಾಯಿತು. ವಸಂತಪುರದಿಂದ ಬಂದಿದ್ದ ನನ್ನ ನಾದಿನಿ ಅಕ್ಕಯಮ್ಮ ನಕ್ಕಳು. "ಇಷ್ಟುದ್ದ ಮಗೂಗೆ ತಂತಿ ಹಾಕ್ಸೋಕೆ ಹೊರಟಿದೀಯಲ್ಲ ಪಾರ್ವತಿ, ಹಸೂಗೆ ಮೂಗುದಾರ ಹಾಕ್ದಂಗೆ! ದೊಡ್ಡೋಳಾದ್ಮೇಲೆ ತಾನೇ ಸರಿಹೋಗುತ್ತೆ ಬಿಡು."

ಡಾಕ್ಟರು ಹಾಗೆ ಹೇಳಲಿಲ್ಲ. "ಈಗ ದವಡೆ ಇನ್ನೂ ಬೆಳೀತಾ ಇದೆ, ಅಮ್ಮ. ಆರು ತಿಂಗಳಲ್ಲಿ ಮುಂದಕ್ಕೆ ತರಬಹುದು. ಬಿಟ್ರೆ ಕೆಳಗಿನ ದವಡೆ ಇದನ್ನ ದಾಟಿ ಬೆಳೆಯುತ್ತೆ, ಆಮೇಲೆ ನನ್ನ ಕೈಲಿ ಆಗೋದಿಲ್ಲ." ಮಗುವಿಗೆ ಮಾತ್ರ, "ನಿನ್ನ ಬಾಯಲ್ಲಿ ಏನು, ಬಸ್ ಹತ್ತೋಕೆ ನೂಕುನುಗ್ಗಲಾ?" ಎಂದರು. ಅವಳು ನಗುವುದಕ್ಕೆ ಬಾಯಿ ತೆರೆದ ಕೂಡಲೇ ಮೆತ್ತನೆಯ ಅಚ್ಚು ಒಳಗಿಟ್ಟು ಅಳತೆ ತೆಗೆದುಬಿಟ್ಟರು.

ಹದಿನೈದು ದಿನಕ್ಕೆ ಕ್ಲಿಪ್ಪು ಬಂತು. ಅಂಗುಳಿಗೆ ಒತ್ತಿ ಕೂರುವ ಗುಲಾಬಿ ಬಣ್ಣದ ಪ್ಲಾಸ್ಟಿಕ್ ಬಿಲ್ಲೆ, ಅದರ ಮುಂದೆ ಸಣ್ಣ ತಂತಿ. ಅದನ್ನು ಅವರು ತಮ್ಮ ಕೈಯಿಂದಲೇ ಅರದಿಂದ ಉಜ್ಜಿ ಮಾಡಿದ್ದರು. ಊಟಕ್ಕೆ ತೆಗೆಯಬೇಕು, ತಣ್ಣೀರಿನಲ್ಲಿ ತೊಳೆಯಬೇಕು, ಮಿಕ್ಕ ಹೊತ್ತೆಲ್ಲ ಬಾಯಲ್ಲೇ ಇರಬೇಕು ಎಂದು ಎರಡು ಸಲ ಹೇಳಿದರು.

ನನಗೆ ಅದು ಎಂಜಲು. ಬಾಯಲ್ಲಿ ಎಂಜಲಿನ ವಸ್ತು ಇಟ್ಟುಕೊಂಡು ಮಗು ದೇವರ ಮನೆಗೆ ಬರುವುದನ್ನು ನಾನು ಹೇಗೆ ಒಪ್ಪಲಿ? ಪೂಜೆಯ ಹೊತ್ತಿಗೆ ತೆಗೆಸಿದೆ. ಆದರೂ ಮನಸ್ಸಿಗೆ ಸಮಾಧಾನವಾಗಲಿಲ್ಲ. ಆಷಾಢದ ಏಕಾದಶಿಯ ದಿನ ಅವಳು ಸ್ನಾನ ಮಾಡುತ್ತಿದ್ದಾಗ, ಕ್ಲಿಪ್ಪನ್ನು ಒಂದು ಚೊಂಬಿಗೆ ಹಾಕಿ, ಹಂಡೆಯಿಂದ ಕುದಿಯುವ ನೀರು ತೋಡಿ ಅದರ ಮೇಲೆ ಸುರಿದೆ. ಬಿಸಿನೀರು ಬಿದ್ದರೆ ಪಾತ್ರೆ ಶುದ್ಧವಾಗುತ್ತದೆ, ಇದೂ ಆಗುತ್ತದೆ ಎಂದುಕೊಂಡೆ. ಚಿಮಟದಿಂದ ಎತ್ತಿದಾಗ ಬಿಲ್ಲೆಯ ಒಂದು ಅಂಚು ಬಾಗಿತ್ತು. ಬೆರಳಿನಿಂದ ಒತ್ತಿ ನೇರ ಮಾಡಿದೆ. ಆಯಿತು ಎಂದೇ ತಿಳಿದೆ.

"ಅಜ್ಜಿ, ಚುಚ್ಚುತ್ತೆ," ಎಂದು ಮಗು ಅತ್ತಿತು. ಮರುದಿನ ಡಾಕ್ಟರು ಅದನ್ನು ಅವಳ ಬಾಯಿಗಿಟ್ಟು ನೋಡಿದರು, ಅವಳ ಹಲ್ಲಿನ ಸುಣ್ಣದಂಥ ಬಿಳಿಯ ಅಚ್ಚಿನ ಮೇಲಿಟ್ಟು ನೋಡಿದರು, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು.

"ಬಿಸಿನೀರಿಗೇನಾದ್ರೂ ಹಾಕಿದ್ರಾ ಅಮ್ಮ?"

ಮೂವತ್ತು ವರ್ಷ ಮಕ್ಕಳಿಗೆ ಸತ್ಯ ಹೇಳಬೇಕೆಂದು ಪಾಠ ಮಾಡಿದವಳು ನಾನು. "ಇಲ್ಲ," ಎಂದೆ. ಮಗು ನನ್ನ ಮುಖ ನೋಡಿತು. ಅದಕ್ಕೂ ಏನೂ ಗೊತ್ತಿರಲಿಲ್ಲ.

"ಹಾಗಾದ್ರೆ ನನ್ನ ಅಳತೆಯೇ ತಪ್ಪಿರಬೇಕು," ಎಂದು ಅವರು ತಮ್ಮ ಬೆರಳುಗಳನ್ನು ನೋಡಿಕೊಂಡರು. ಮತ್ತೆ ಅಚ್ಚು ತೆಗೆದರು. ಈ ಸಲ ಮಗು ಓಕರಿಸಿತು, ಅತ್ತಿತು. ಎರಡನೆಯ ಕ್ಲಿಪ್ಪು ಬರುವುದು ತಡವಾಯಿತು. ಬಂದ ಮೇಲೆ ಪ್ರತಿ ಗುರುವಾರವೂ ಈ ಸಲ ಹೇಳುತ್ತೇನೆ ಎಂದುಕೊಂಡು ಹೋಗಿ, ಹೇಳದೆ ಬಂದೆ.

ಅವರು ತೀರಿಕೊಂಡು ಇಪ್ಪತ್ತು ದಿನವಾದ ಮೇಲೆ ಅವರ ಹೆಂಡತಿ ಶಾಂತಾದೇವಿಯವರು, ಮಕ್ಕಳ ಚಿಕಿತ್ಸೆಯ ಕಾರ್ಡುಗಳನ್ನು ತೆಗೆದುಕೊಂಡು ಹೋಗಿ ಎಂದು ಕೊಟ್ರಪ್ಪನ ಕೈಲಿ ಹೇಳಿಕಳಿಸಿದರು. ಬನಶಂಕರಿಯ ಅವರ ಮನೆಗೆ ಒಬ್ಬಳೇ ನಡೆದೇ ಹೋದೆ. ದಾರಿಯಲ್ಲಿ ಎರಡು ಕಡೆ ಕೂತು ಎದ್ದೆ.

ನಡುಮನೆಯ ಮೇಜಿನ ಮೇಲೆ ಬಿಳಿಯ ಅಚ್ಚುಗಳು ಸಾಲಾಗಿದ್ದವು, ಒಂದೊಂದಕ್ಕೂ ಒಂದೊಂದು ಹೆಸರು. ಶಾಂತಾದೇವಿಯವರು ಹುಡುಕಿ ಕಾತ್ಯಾಯಿನಿಯ ಕಾರ್ಡು ಕೊಟ್ಟರು. "ಡೆಂಟಲ್ ಕಾಲೇಜಿಗೆ ತೋರಿಸಿ. ಅಲ್ಲಿನ ಡಾಕ್ಟರು ಇದನ್ನ ಓದಿ ಮುಂದಕ್ಕೆ ಮಾಡ್ತಾರೆ."

ಕಾರ್ಡಿನಲ್ಲಿ ಇಂಗ್ಲಿಷಿನಲ್ಲಿ ಬರೆದಿತ್ತು. ನನಗೆ ಓದಲು ಬಂತು. ಮೊದಲನೆಯ ಕ್ಲಿಪ್ಪು ಕೂರಲಿಲ್ಲ, ತಪ್ಪು ನನ್ನದು, ಎಂದಿತ್ತು.

"ಅವರು ಬೇರೆ ಮಕ್ಕಳಿಗೂ ಕ್ಲಿಪ್ಪು ಮಾಡ್ತಿದ್ರಲ್ಲ?" ಎಂದೆ.

"ನಿಲ್ಲಿಸಿಬಿಟ್ಟಿದ್ರು. ಆಷಾಢದಿಂದ ಈಚೆಗೆ ಹೊಸಬರು ಬಂದ್ರೆ ಕಾಲೇಜಿಗೆ ಕಳಿಸ್ತಿದ್ರು. ನನ್ನ ಕೈ ಕೈಕೊಡ್ತಾ ಇದೆ ಶಾಂತಾ, ಅಂತಿದ್ರು. ಎಲ್ಲಿ ಕೊಟ್ಟಿತ್ತು? ಆ ಕೊನೆ ರಾತ್ರಿಯೂ ಸೂಜಿಗೆ ದಾರ ಅವರೇ ಪೋಣಿಸಿ ಕೊಟ್ರು ನನಗೆ."

ಕುಳಿತಲ್ಲಿಂದಲೇ ಎಲ್ಲವನ್ನೂ ಹೇಳಿದೆ. ಹಂಡೆ, ಚೊಂಬು, ಚಿಮಟ, "ಇಲ್ಲ" ಎಂದ ಮಾತು, ಒಂದನ್ನೂ ಬಿಡಲಿಲ್ಲ.

ಶಾಂತಾದೇವಿಯವರು ಮೇಜಿನ ಮೇಲಿನ ಒಂದು ಅಚ್ಚನ್ನು ಸಾಲಿಗೆ ಸರಿಸಿ ಇಟ್ಟರು. ಆಮೇಲೆ, "ಒಂದು ಮಾತು ಅವರಿಗೇ ಹೇಳಿದ್ರೆ ಆಗ್ತಿತ್ತಲ್ಲ, ಅಮ್ಮ," ಎಂದರು. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಸುಲಭವಾಗುತ್ತಿತ್ತು.

"ಇದರಲ್ಲಿ ಬರೀಲಾ?" ಎಂದು ಕೇಳಿದೆ.

ಅವರು ಒಳಗೆ ಹೋಗಿ ಗಂಡನ ಪೆನ್ನು ತಂದುಕೊಟ್ಟರು. ಡಾಕ್ಟರ ಸಾಲಿನ ಕೆಳಗೆ ಕನ್ನಡದಲ್ಲಿ ಬರೆದೆ: "ಅಳತೆ ಸರಿಯಾಗಿತ್ತು. ಮಗುವಿನ ಅಜ್ಜಿಯಾದ ನಾನು ಕ್ಲಿಪ್ಪನ್ನು ಕುದಿಯುವ ನೀರಿಗೆ ಹಾಕಿ ಕೆಡಿಸಿದೆ. ಪಾರ್ವತಮ್ಮ." ಶಾಂತಾದೇವಿಯವರು ಅದನ್ನು ಎರಡು ಸಲ ಓದಿ, ಶಾಯಿ ಆರುವ ತನಕ ಕೈಯಲ್ಲೇ ಹಿಡಿದುಕೊಂಡಿದ್ದು, ನನಗೆ ಕೊಟ್ಟರು. ಬಾಗಿಲ ತನಕ ಬರಲಿಲ್ಲ.

ಮನೆಗೆ ಬಂದು ಕೈಕಾಲು ತೊಳೆದು ದೇವರ ಮುಂದೆ ಕುಳಿತೆ. ಕಾತ್ಯಾಯಿನಿ ಬಂದು ಪಕ್ಕದಲ್ಲಿ ಕುಳಿತಳು, ಕ್ಲಿಪ್ಪು ಬಾಯಲ್ಲೇ ಇತ್ತು. ನಾನು ತೆಗೆ ಎನ್ನಲಿಲ್ಲ. ಸ್ತೋತ್ರ ಯಾವುದೂ ನೆನಪಿಗೆ ಬರಲಿಲ್ಲ. ಬಂದಷ್ಟು ಮಾತಿನಲ್ಲೇ ಬೇಡಿಕೊಂಡೆ.

ಸ್ವಾಮಿ, ತಮ್ಮ ಕೈ ಸೋತಿತೆಂದು ನಂಬಿ ಆ ಒಳ್ಳೆಯವರು ಹೋದರು. ಅದು ಸೋತಿರಲಿಲ್ಲವೆಂದು ನೀನಾದರೂ ಅವರಿಗೆ ತಿಳಿಸು. ನನ್ನ ಪಾಪ ನನಗಿರಲಿ. ಆ ಜೀವದ ಕೊರಗು ಕಳೆದು, ನಿನ್ನ ಪಾದದ ಬಳಿ ಅದಕ್ಕೆ ನೆಮ್ಮದಿಯಾಗಲಿ.