ಎರಡು ನೆಲ

ಆಸ್ಪತ್ರೆಯಿಂದ ರಿಪೇರಿಗೆ ಬಂದಿದ್ದ, ಎದೆಬಡಿತ ತೋರಿಸುವ ಯಂತ್ರದ ಪರದೆಯ ಮೇಲೆ ಹಸಿರು ಗೆರೆ ಬೆಳಿಗ್ಗೆಯೆಲ್ಲ ಗಾಳಿಗೆ ಸಿಕ್ಕ ದಾರದಂತೆ ನಡುಗುತ್ತಿತ್ತು. ಸೊಸೆ ಊಟ ಮುಗಿಸಿ ರಿಪೇರಿ ಅಂಗಡಿಗೆ ಮರಳುವಷ್ಟರಲ್ಲಿ ಅದು ಮಗು ಉಯ್ಯಾಲೆ ಆಡಿದಷ್ಟು ಸಲೀಸಾಗಿ ಏರಿಳಿಯುತ್ತಿತ್ತು. ಅಂಗಡಿಯ ಯಜಮಾನರಾದ ಮಾವ ಮೀಸೆಯಡಿ ನಗುತ್ತಿದ್ದರು. ಯಂತ್ರ ಒಯ್ಯಲು ಬಂದ ಆಸ್ಪತ್ರೆಯ ಡ್ರೈವರು ಬಾಗಿಲಲ್ಲೇ ನಿಂತಿದ್ದ.

ಇಷ್ಟು ಬೇಗ ಗುಣವಾದದ್ದೇ ಅವಳಿಗೆ ಗುಮಾನಿ. ಪ್ಲಗ್ ಕಿತ್ತು, ಸ್ಟೂಲಿನ ಮೇಲೆ ಕೂತು ಮುಚ್ಚಳ ತೆಗೆದಳು.

ಒಳಗೆ, ಅಂಗಡಿಯವರೆಲ್ಲ ‘ಅತ್ತೆ-ಸೊಸೆ’ ಎಂದು ಕರೆಯುವ ಕಪ್ಪು ಚಿಪ್ ಇತ್ತು. ಅದರ ಹೊಟ್ಟೆಯಲ್ಲಿ ಒಂದು ಕಡೆ ಪುಟ್ಟ ದೀಪ, ಎದುರಿಗೆ ಅದನ್ನು ನೋಡುವ ಕಣ್ಣು. ನಡುವೆ ತಂತಿಯ ಸೋಂಕಿಲ್ಲ. ರೋಗಿಯ ಎದೆಗೆ ಅಂಟುವ ಭಾಗ ಇತ್ತ, ಗೋಡೆಯ ಕರೆಂಟಿಗೆ ಸೇರಿದ ಭಾಗ ಅತ್ತ. ಒಂದೇ ಸೂರು, ಬೇರೆ ಒಲೆ. ಹೇಳುವುದೇನಿದ್ದರೂ ದೀಪ ಮಿನುಗಿಸಿ ಹೇಳಬೇಕು. ಕರೆಂಟು ಮರಳುವ ದಾರಿಗೆ ಈ ಕಸುಬಿನವರು ನೆಲ ಅನ್ನುತ್ತಾರೆ. ಆ ನೆಲವೂ ಇಬ್ಬರಿಗೂ ಬೇರೆ ಬೇರೆ. ಬೆಳಕಿಗೆ ಮೈಯಿಲ್ಲ. ದೇವರು ಅದನ್ನು ಹಾಗೆ ಮಾಡಿದ್ದರಿಂದಲೇ ಸುದ್ದಿ ದಾಟುತ್ತದೆ, ಸಾವು ದಾಟುವುದಿಲ್ಲ.

ಆ ಚಿಪ್ಪಿನ ಮಗ್ಗುಲಲ್ಲಿ, ಹಲ್ಲಿಯ ಬಾಲದಂತೆ, ಎರಡೂ ನೆಲಗಳನ್ನು ಕೂಡಿಸಿ ಬೆಸೆದ ಹೊಸ ತಂತಿ.

“ಮಾವ, ಇದೇನಿದು?”

“ಇಬ್ಬರಿಗೂ ರಾಜಿ ಮಾಡ್ಸಿದೀನಿ. ಗೆರೆ ನೋಡು, ಹೇಗೆ ತೆಪ್ಪಗಾಯ್ತು.”

ಡ್ರೈವರು ನಕ್ಕ. ಅವಳು ನಗಲಿಲ್ಲ.

“ಕೂಡಿಸಬಾರ್ದು ಅಂತ ಹೇಳ್ಕೊಟ್ಟಿದ್ದೇ ನೀವು.”

“ಹೇಳ್ಕೊಟ್ಟೋನಿಗೇ ಪಾಠ ಬೇಡ ಕಣಮ್ಮ. ಈ ಚಿಪ್ ಕೆಟ್ಟಿದೆ, ಹೊಸ್ದು ಬರೋ ತನಕ ನಡೀಲಿ. ಇವತ್ತು ಕೊಡದಿದ್ರೆ ಎದುರಂಗಡಿಯೋನು ಬಾಯ್ತೆರ್ಕೊಂಡು ಕೂತಿದಾನೆ. ಮುಚ್ಚಳ ಹಾಕು.”

“ಗೋಡೆ ಕಡೆ ಏನಾದ್ರೂ ಕೆಟ್ರೆ? ಕರೆಂಟು ನೇರ ರೋಗಿ ಎದೆಗೇ ಹೋಗತ್ತೆ.”

“ಕೆಟ್ಟಾಗ ತಾನೆ?”

ಅವಳು ಕಟರ್ ಎತ್ತಿಕೊಂಡು ತಂತಿಯನ್ನು ಕತ್ತರಿಸಿದಳು.

ಮಾವನ ಮುಖ ಕೆಂಡವಾಯಿತು. “ಹೊರಗಡೆ ಬೋರ್ಡಲ್ಲಿರೋದು ನನ್ನ ಹೆಸರು.”

“ಅದಕ್ಕೇ ಕತ್ತರಿಸಿದ್ದು.”

“ಏಳು ಸ್ಟೂಲಿಂದ.”

“ಏಳಲ್ಲ ಮಾವ. ನಾನೆದ್ರೆ ನೀವು ಕೂರ್ತೀರಿ, ಕೂತ್ರೆ ಮತ್ತೆ ಬೆಸೀತೀರಿ.”

ಡ್ರೈವರು ತಲೆ ಕೆರೆದುಕೊಂಡ. “ನಾನೇನು ಹೇಳ್ಲಿ ಅಲ್ಲಿ?”

“ಇನ್ನೊಂದು ಮಿಷನ್ ಇಲ್ವಾ?”

“ಮೇಲಿನ ವಾರ್ಡಲ್ಲಿದೆ ಅಕ್ಕ. ಕೇಳಿದ್ರೆ ಬೈತಾರೆ.”

“ಬೈಸ್ಕೊಳ್ಳಿ. ಬೈಗುಳಕ್ಕೆ ಯಾರೂ ಸಾಯಲ್ಲ. ಸೊಸೆ ಹಟಮಾರಿ, ಬಿಡ್ಲಿಲ್ಲ ಅನ್ನಿ.”

ಮಾವ ಬೆಸುಗೆಯ ಕಡ್ಡಿಯನ್ನು ಕೈಗೆತ್ತಿಕೊಂಡರು. ತುದಿಯಲ್ಲಿ ಹೊಗೆಯಾಡುತ್ತಿತ್ತು. ಅವಳು ಮನಸ್ಸಿನಲ್ಲೇ ದೇವರನ್ನು ನೆನೆದು, ಎರಡೂ ಅಂಗೈಗಳನ್ನು ತೆರೆದ ಯಂತ್ರದ ಮೇಲೆ ಹರಡಿದಳು. ಕಾದ ಮೊನೆ ಅವಳ ಬೆರಳಿನ ಹತ್ತಿರ ಬಂದು ನಿಂತಿತು. ಬಿಸಿ ತಾಗುವಷ್ಟು ಹತ್ತಿರ. ಅವಳು ಮಾವನ ಮುಖವನ್ನೇ ನೋಡುತ್ತಿದ್ದಳು.

ಕಡ್ಡಿ ಮೆಲ್ಲಗೆ ಸ್ಟ್ಯಾಂಡಿಗೆ ಮರಳಿತು. ಹೊರಗೆ ಖಾಲಿ ವ್ಯಾನು ಹೊರಟ ಸದ್ದು ಕೇಳಿಸಿತು. ಆಗಲೂ ಅವಳು ಕೈ ತೆಗೆಯಲಿಲ್ಲ.