ಬಾಗಿದ ಕಾಲಿನ ಡಯೋಡು

ಜನ್ನಾಪುರದ ಆಟೋ ಎಲೆಕ್ಟ್ರಿಷಿಯನ್ ಹಯಾತ್ ಸಾಬರು ತಮ್ಮ ಕಣ್ಣು ಮಂಜಾಗಿರುವುದನ್ನು ಹೆಂಡತಿ ಕರೀಮಾಬಿಗೂ ಹೇಳಿರಲಿಲ್ಲ. ಇವತ್ತು ಗೋಪಾಳದ ಮುರಳಿಯ ಕಾರಿಗೆ ರಿಮೋಟ್ ಸ್ಟಾರ್ಟರ್ ಕೂರಿಸಬೇಕು. ಅದರೊಳಗಿನ ಸ್ವಿಚ್ಚಾದ ರಿಲೇ ಬಿಡುವಾಗ ಹಿಂದಕ್ಕೆ ಒದೆಯುವ ಕರೆಂಟನ್ನು ತಡೆಯುವ, ಭತ್ತದ ಕಾಳಿನಷ್ಟಿರುವ ಡಯೋಡಿನ ಬೆಳ್ಳಿಗೆರೆ ಪ್ಲಸ್ ಕಡೆಗಿರಬೇಕು. ಉಲ್ಟಾ ಆದರೆ ಫ್ಯೂಸಿನ ಜೊತೆ ಸಾಬರ ಹೆಸರೂ ಸುಡುತ್ತದೆ. ಆ ಗೆರೆಯೇ ಅವರಿಗೆ ಕಾಣುತ್ತಿರಲಿಲ್ಲ.

ಬಿಸ್ಮಿಲ್ಲಾ ಎಂದು ಡಬ್ಬಿಗೆ ಕೈ ಹಾಕಿದರು. ಎಲ್ಲ ಡಯೋಡಿಗೂ ಒಂದೊಂದು ತಂತಿಕಾಲು ಬಾಗಿತ್ತು.

"ಗೆರೆ ಇರೋ ಕಡೆ ಬಗ್ಗಿಸಿದೀನಿ," ಚಹಾ ತಂದ ಕರೀಮಾಬಿ ಪಿಸುಗುಟ್ಟಿದಳು.

"ನಿಂಗ್ಯಾವಾಗ ಗೊತ್ತಾಯ್ತು?"

"ಚಾಗೆ ಉಪ್ಪು ಹಾಕ್ಕೊಂಡು, ಚೆನ್ನಾಗಿದೆ ಅಂತ ಕುಡಿದ್ರಲ್ಲ, ಅವತ್ತೇ!"

ಸಾಬರ ಬೆರಳು ಬಾಗಿದ ಕಾಲನ್ನು ಪ್ಲಸ್ಸಿಗೆ ಸೇರಿಸಿ ಬೆಸೆಯಿತು. ಮುರಳಿ ರಿಮೋಟ್ ಒತ್ತಿದ. ರಿಲೇ ಟಕ್ಕೆಂದಿತು, ಇಂಜಿನ್ ಎದ್ದಿತು.

"ಎಂಥಾ ಕಣ್ಣು ಸಾಬ್ರೆ ನಿಮ್ದು!"

"ನಂದಲ್ಲ ಮಾರಾಯ, ಇವಳದ್ದು," ಎಂದು ಸಾಬರು ಹೆಂಡತಿಯತ್ತ ತಿರುಗಿದರು. "ನಾಳೆ ಕಣ್ಣಾಸ್ಪತ್ರೆಗೆ ಹೋಗ್ತೀನಿ. ಜೊತೆಗೆ ಬರ್ತೀಯಾ?"